ಆಟ ಅವರದು, ಆದಾಯ ಯಾರದು?

2021ರ ಜನವರಿ 5ರಂದು ಅಲಬಾಮ ವಿಶ್ವವಿದ್ಯಾಲಯದ ಡಿವೊಂಟಾ ಸ್ಮಿತ್ ಅಮೆರಿಕದ ಕಾಲೇಜು ಫುಟ್‌ಬಾಲಿನ ಅತ್ಯುನ್ನತ ಗೌರವವಾದ ಹೈಸ್ಮನ್ ಪ್ರಶಸ್ತಿಗೆ ಪಾತ್ರರಾದರು. ಅದೇ ವರ್ಷದ ಜುಲೈ 1ರಿಂದ ಕಾಲೇಜು ಆಟಗಾರರು ತಮ್ಮ ಹೆಸರು ಮತ್ತು ಚಿತ್ರದ ಬಳಕೆಗೆ ಹಣ ಪಡೆಯಬಹುದೆಂದು ನಿಯಮ ಸಡಿಲಗೊಂಡಿತು. ಅಷ್ಟರಲ್ಲಿ ಸ್ಮಿತ್ ಅವರ ಕಾಲೇಜು ಆಟ ಮುಗಿದಿತ್ತು. ಈ ಆರು ತಿಂಗಳ ಅಂತರದಲ್ಲಿ ಒಂದು ದೊಡ್ಡ ಆರ್ಥಿಕ ಪ್ರಶ್ನೆ ಅಡಗಿದೆ.

ಸ್ಮಿತ್ ವೈಡ್ ರಿಸೀವರ್. ಅಂದರೆ ಸಂಗಾತಿ ದೂರಕ್ಕೆ ಎಸೆದ ಚೆಂಡನ್ನು ಓಡುತ್ತಲೇ ಹಿಡಿದು ಎದುರಾಳಿಯ ಗಡಿಯತ್ತ ಒಯ್ಯುವ ಆಟಗಾರ. ಲೂಸಿಯಾನ ರಾಜ್ಯದ ಅಮೀಟ್ ಎಂಬ ಸಣ್ಣ ಊರಿನ ಈ ತೆಳು ಮೈಕಟ್ಟಿನ ಯುವಕ 2018ರ ಜನವರಿಯಲ್ಲಿ ಜಾರ್ಜಿಯ ವಿರುದ್ಧದ ಅಂತಿಮ ಪಂದ್ಯದ ಹೆಚ್ಚುವರಿ ಅವಧಿಯಲ್ಲಿ 41 ಗಜದ ಎಸೆತ ಹಿಡಿದು ಅಲಬಾಮಕ್ಕೆ ರಾಷ್ಟ್ರೀಯ ಪ್ರಶಸ್ತಿ ತಂದರು. 2020ರ ಋತುವಿನಲ್ಲಿ 117 ಬಾರಿ ಚೆಂಡು ಹಿಡಿದು 1,856 ಗಜ ಕ್ರಮಿಸಿದರು. 1991ರ ಅನಂತರ ವೈಡ್ ರಿಸೀವರ್ ಒಬ್ಬರಿಗೆ ಹೈಸ್ಮನ್ ದೊರೆತದ್ದು ಅದೇ ಮೊದಲು.

ಇದಕ್ಕೆ ಪ್ರತಿಯಾಗಿ ನಿಯಮದ ಪ್ರಕಾರ ಅವರಿಗೆ ಸಲ್ಲಬಹುದಾಗಿದ್ದುದು ಶಿಕ್ಷಣ, ವಸತಿ, ಊಟ ಮತ್ತು ವಿದ್ಯಾರ್ಥಿ ಜೀವನದ ಇತರ ವೆಚ್ಚ. ಅದೇ ತಂಡದ ಆಗಿನ ತರಬೇತುದಾರ ನಿಕ್ ಸೇಬನ್ ಅವರ ವಾರ್ಷಿಕ ಸಂಭಾವನೆ 90 ಲಕ್ಷ ಡಾಲರಿಗೂ ಹೆಚ್ಚಿತ್ತು. ದುಡಿಮೆಯ ಬೆಲೆಯನ್ನು ಕಟ್ಟಿಹಾಕಿದ ಮಾತ್ರಕ್ಕೆ ಅದರ ಮೌಲ್ಯ ಕರಗಿಹೋಗುವುದಿಲ್ಲ. ಅದು ಮತ್ತೊಬ್ಬರ ಜೇಬನ್ನು ಸೇರುತ್ತದೆ ಎಂಬ ಅರ್ಥಶಾಸ್ತ್ರದ ಪ್ರಾಥಮಿಕ ಪಾಠಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ. ಆಟಗಾರನಿಗೆ ಬೇರೆ ದಾರಿಯೂ ಇರಲಿಲ್ಲ. ಪ್ರೌಢಶಾಲೆ ಮುಗಿಸಿ ಮೂರು ವರ್ಷ ಕಳೆಯುವವರೆಗೆ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್ ಯಾರನ್ನೂ ಸೇರಿಸಿಕೊಳ್ಳುವುದಿಲ್ಲ. ಕೊಳ್ಳುವವರೆಲ್ಲ ಒಂದಾಗಿ ಬೆಲೆ ಗೊತ್ತುಪಡಿಸಿದ ಮಾರುಕಟ್ಟೆ ಇದು.

ಈ ವ್ಯವಸ್ಥೆಗೆ ಆಸರೆಯಾದದ್ದು ‘ವಿದ್ಯಾರ್ಥಿ-ಕ್ರೀಡಾಪಟು’ ಎಂಬ ಪದ. ಗಾಯಗೊಂಡ ಆಟಗಾರರು ಕಾರ್ಮಿಕರಂತೆ ಪರಿಹಾರ ಕೇಳತೊಡಗಿದಾಗ, 1950ರ ದಶಕದಲ್ಲಿ ಕಾಲೇಜು ಕ್ರೀಡಾ ಸಂಘವಾದ ಎನ್‌ಸಿಎಎ ಅದನ್ನು ಬಳಕೆಗೆ ತಂದಿತು. ಸಂಬಳವನ್ನು ‘ಗೌರವಧನ’ ಎಂದು ಬರೆದರೆ ಹೊಣೆ ಹೇಗೆ ಹಗುರವಾಗುತ್ತದೆ ಎಂಬುದನ್ನು ಸರ್ಕಾರಿ ಕಡತಗಳಲ್ಲಿ ಕಂಡಿರುವ ನನಗೆ ಈ ಪದದ ಜಾಣ್ಮೆ ಅಪರಿಚಿತವೆನಿಸಲಿಲ್ಲ.

2021ರ ಜೂನ್‌ನಲ್ಲಿ ಆಲ್ಸ್ಟನ್ ಪ್ರಕರಣದ ತೀರ್ಪು ನೀಡಿದ ಅಮೆರಿಕದ ಸುಪ್ರೀಂ ಕೋರ್ಟ್, ಶಿಕ್ಷಣ ಸಂಬಂಧಿ ಸೌಲಭ್ಯಗಳಿಗೆ ಸಂಘ ಹಾಕಿದ್ದ ಮಿತಿಯನ್ನು ಒಮ್ಮತದಿಂದ ತಳ್ಳಿಹಾಕಿತು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ಹೌಸ್ ಪ್ರಕರಣದ ರಾಜಿಯಂತೆ 2025-26ರಲ್ಲಿ ಒಂದು ವಿಶ್ವವಿದ್ಯಾಲಯ ಸುಮಾರು 2.05 ಕೋಟಿ ಡಾಲರ್‌ವರೆಗೆ ಆಟಗಾರರಿಗೆ ನೇರವಾಗಿ ಹಂಚಬಹುದಾಯಿತು. 2016ರಿಂದ ಆಡಿದವರಿಗೆ ಹಿಂಬಾಕಿಯಾಗಿ ಸುಮಾರು 280 ಕೋಟಿ ಡಾಲರ್ ನಿಗದಿಯಾಯಿತು.

ಫುಟ್‌ಬಾಲಿನ ಆದಾಯವೇ ಇತರ ಕ್ರೀಡೆಗಳನ್ನು ಪೋಷಿಸುತ್ತದೆ, ಹಣ ಹಂಚಿದರೆ ಅವು ಸೊರಗುತ್ತವೆ ಎಂಬ ಆತಂಕವನ್ನು ಅಲ್ಲಗಳೆಯುವಂತಿಲ್ಲ. ಆದರೆ ಆ ಪೋಷಣೆಯ ಭಾರವನ್ನು ಮೈಮೂಳೆ ಒಡ್ಡಿ ಆಡುವ ಯುವಕರೇ ಹೊರಬೇಕೆಂಬುದು ನ್ಯಾಯವಲ್ಲ. ಸ್ಮಿತ್ ಅದೃಷ್ಟವಂತರು. 2021ರಲ್ಲಿ ಫಿಲಡೆಲ್ಫಿಯ ಈಗಲ್ಸ್ ಅವರನ್ನು ಆರಿಸಿಕೊಂಡಿತು. 2024ರಲ್ಲಿ ಮೂರು ವರ್ಷಕ್ಕೆ 7.5 ಕೋಟಿ ಡಾಲರ್‌ಗಳ ಒಪ್ಪಂದವೂ ದೊರೆಯಿತು. ಆದರೆ ಕಾಲೇಜು ಆಟಗಾರರಲ್ಲಿ ಎನ್‌ಎಫ್‌ಎಲ್ ತಲುಪುವವರು ನೂರಕ್ಕೆ ಇಬ್ಬರೂ ಇಲ್ಲ. ಉಳಿದವರ ಪಾಲಿಗೆ ಗಳಿಕೆಯ ಕಾಲವೆಂದರೆ ಕಾಲೇಜಿನ ಆ ನಾಲ್ಕೈದು ವರ್ಷಗಳೇ.

ಹೌಸ್ ರಾಜಿಯೂ ಆಟಗಾರರನ್ನು ನೌಕರರೆಂದು ಒಪ್ಪಿಲ್ಲ. ಹಂಚಿಕೆಯ ಮಿತಿಯನ್ನು ಅವರ ಒಕ್ಕೂಟದೊಡನೆ ಚೌಕಾಸಿ ಮಾಡಿ ಗೊತ್ತುಪಡಿಸಿದ್ದೂ ಅಲ್ಲ. ಹಣ ಬಂದಿದೆ, ಹಕ್ಕು ಬಂದಿಲ್ಲ. ಮೊಣಕಾಲು ಮುರಿದು ಆಟ ನಿಂತವನ ಚಿಕಿತ್ಸೆ ಮತ್ತು ಓದಿನ ಹೊಣೆ ಯಾರದೆಂಬುದನ್ನು ಆಟಗಾರರನ್ನೂ ಮೇಜಿನ ಎದುರು ಕೂರಿಸಿಕೊಂಡು ತೀರ್ಮಾನಿಸುವವರೆಗೆ ಈ ಸುಧಾರಣೆ ಅರ್ಧದಾರಿಯದೇ.