ಕುಂಬ್ಳೆಯ ಚೆಂಡು ತಿರುಗಲಿಲ್ಲ ಎನ್ನುವವರಿಗೆ

"ಅಂವಾ ಎಲ್ಲೀ ಲೆಗ್ ಸ್ಪಿನ್ನರ್ ಬಿಡ್ರಿ, ಚೆಂಡ ತಿರಗತಿದ್ದಿಲ್ಲ." ಅರಕೇರಿಯ ಚಹಾದಂಗಡಿಯಿಂದ ವಿಜಯಪುರದ ಗಾಂಧಿ ಚೌಕದವರೆಗೆ ಅನಿಲ್ ಕುಂಬ್ಳೆಯ ಮಾತು ಬಂದಾಗ ಯಾರಾದರೊಬ್ಬರು ಇದನ್ನು ಹೇಳಿಯೇ ಹೇಳುತ್ತಾರೆ. ಹೇಳುವವರು ಆಟ ಗೊತ್ತಿಲ್ಲದವರೇನಲ್ಲ. 1993ರಲ್ಲಿ ಶೇನ್ ವಾರ್ನ್ ಮೈಕ್ ಗ್ಯಾಟಿಂಗ್‌ಗೆ ಹಾಕಿದ ಆ ಚೆಂಡನ್ನು ಮೊಬೈಲಿನಲ್ಲಿ ಮತ್ತೆ ಮತ್ತೆ ನೋಡಿ ಮನಸ್ಸು ಸೋತವರು. ಅದಕ್ಕೇ ಅವರ ತಕರಾರುಗಳಿಗೆ ಉತ್ತರ ಕೊಡುವುದು ನ್ಯಾಯ.

ಮೊದಲ ತಕರಾರು ಇದೇ: ಚೆಂಡು ತಿರುಗುತ್ತಿರಲಿಲ್ಲ. ಈ ಮಾತನ್ನು ನಮ್ಮವರಿಗಿಂತ ಮೊದಲೇ ಇಂಗ್ಲೆಂಡಿನ ಕೀತ್ ಫ್ಲೆಚರ್ ಆಡಿದ್ದರು. 1992ರಲ್ಲಿ ಜೊಹಾನ್ಸ್‌ಬರ್ಗಿಗೆ ಹೋಗಿ ಕುಂಬ್ಳೆಯ ಬೌಲಿಂಗ್ ನೋಡಿ ಬಂದ ಅವರು, ಈ ಹುಡುಗನಿಂದ ನಮಗೆ ಹೆಚ್ಚಿನ ತೊಂದರೆಯಿಲ್ಲ ಎಂಬ ವರದಿ ಕೊಟ್ಟರು. ಮರುವರ್ಷ ಇಂಗ್ಲೆಂಡ್ ಭಾರತಕ್ಕೆ ಬಂತು. ಮೂರು ಟೆಸ್ಟ್, ಕುಂಬ್ಳೆಗೆ 21 ವಿಕೆಟ್, ಸರಣಿ 3-0.

ಫ್ಲೆಚರ್ ಕಣ್ಣಿಗೆ ಬಿದ್ದದ್ದು ಸುಳ್ಳಲ್ಲ, ಅವರು ಹಾಕಿದ ಲೆಕ್ಕ ತಪ್ಪು. ನಿಯಮದ ಪ್ರಕಾರ ಬ್ಯಾಟಿನ ಅಗಲ ಹೆಚ್ಚೆಂದರೆ 10.8 ಸೆಂಟಿಮೀಟರ್. ನಡುವಿನಿಂದ ಅಂಚಿಗೆ ಆರು ಸೆಂಟಿಮೀಟರ್ ಕೂಡ ಇಲ್ಲ. ಅಷ್ಟು ತಿರುಗಿದರೆ ಕ್ಯಾಚು, ತಿರುಗದೇ ನೇರ ಬಂದರೆ ಎಲ್‌ಬಿಡಬ್ಲ್ಯೂ. ಒಂದು ಅಡಿ ತಿರುಗಿದ ಚೆಂಡು ನೋಡಲು ಚಂದ, ಆದರೆ ಬಹಳ ಸಲ ಬ್ಯಾಟನ್ನೂ ಸ್ಟಂಪನ್ನೂ ಬಿಟ್ಟು ನೇರ ಕೀಪರ್ ಕೈ ಸೇರುತ್ತದೆ. ಕುಂಬ್ಳೆ ಎಳೆವೆಯಲ್ಲಿ ಟೆನಿಸ್ ಚೆಂಡಿನಲ್ಲಿ ಮಧ್ಯಮ ವೇಗದ ಬೌಲಿಂಗ್ ಮಾಡುತ್ತಿದ್ದವರು. ಅಣ್ಣ ದಿನೇಶ್ ಹೇಳಿದ ಮೇಲೆ ಲೆಗ್ ಸ್ಪಿನ್ನಿಗೆ ಹೊರಳಿದರು. ಆ ವೇಗವನ್ನು ಮಾತ್ರ ಬಿಡಲಿಲ್ಲ. ಆರಡಿ ದಾಟಿದ ಎತ್ತರ, ಮೇಲಿನಿಂದ ಇಳಿಯುವ ಕೈ, ಹಾಗಾಗಿ ಟಾಪ್ ಸ್ಪಿನ್ ಚೆಂಡು ಪುಟಿದು ಕೈಗವಸಿಗೆ ಏರುತ್ತಿತ್ತು. ಹೆಬ್ಬೆರಳು ಬೆರಳುಗಳ ನಡುವೆ ಹಿಂಡಿ ಚಿಮ್ಮಿಸಿದ ಫ್ಲಿಪ್ಪರ್ ನೆಲ ಹಿಡಿದು ಪ್ಯಾಡಿಗೆ ಬಡಿಯುತ್ತಿತ್ತು. ಎರಡಕ್ಕೂ ಹೆಚ್ಚು ಕಡಿಮೆ ಒಂದೇ ಓಟ, ಒಂದೇ ಕೈ. ಬ್ಯಾಟ್ಸ್‌ಮನ್ ಮುಂದೆ ಬರಬೇಕೋ ಹಿಂದೆ ಸರಿಯಬೇಕೋ ಎಂದು ತೀರ್ಮಾನಿಸುವ ಹೊತ್ತಿಗೆ ಚೆಂಡು ಬಂದಿರುತ್ತಿತ್ತು.

ಇನ್ನೊಂದು ಮಾತು. ಪುಸ್ತಕದ ಪ್ರಕಾರ ಲೆಗ್ ಸ್ಪಿನ್ ಮಾಡದಿರುವುದು ಕರ್ನಾಟಕದಲ್ಲಿ ಹೊಸದೇನಲ್ಲ. ಮೈಸೂರಿನಲ್ಲಿ ಹುಟ್ಟಿದ ಬಿ.ಎಸ್. ಚಂದ್ರಶೇಖರ್ ಪೋಲಿಯೊದಿಂದ ಸೊರಗಿದ ಬಲಗೈಯಿಂದಲೇ ಮಧ್ಯಮ ವೇಗಿಗಳಷ್ಟು ಜೋರಾಗಿ ಗೂಗ್ಲಿ ಎಸೆದರು. 1971ರಲ್ಲಿ ಓವಲ್‌ನಲ್ಲಿ 38 ರನ್ನಿಗೆ 6 ವಿಕೆಟ್, ಇಂಗ್ಲೆಂಡಿನಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಗೆಲುವು. ಮೆಲ್ಬರ್ನ್‌ನಲ್ಲಿ ಎರಡೂ ಇನಿಂಗ್ಸಿನಲ್ಲಿ 52ಕ್ಕೆ 6. ಅವರ ಲೆಗ್ ಬ್ರೇಕ್ ಎಷ್ಟು ತಿರುಗಿತೆಂದು ಯಾರೂ ಅಳೆಯಲಿಲ್ಲ. ಕುಂಬ್ಳೆಯ ಪಾಲಿಗೆ ಮಾತ್ರ ಏಕೋ ಅಳತೆಪಟ್ಟಿ ಹೊರಬರುತ್ತದೆ.

ಎರಡನೆಯದು ಗಟ್ಟಿ ತಕರಾರು: ಅವರು ಮನೆಯಂಗಳದ ಹುಲಿ. ತಾಯ್ನೆಲದಲ್ಲಿ 63 ಟೆಸ್ಟಿಗೆ 350 ವಿಕೆಟ್, ಸರಾಸರಿ 24.88, ಹೊರಗೆ 69 ಟೆಸ್ಟಿಗೆ 269, ಸರಾಸರಿ 35.85. ಅಂತರ ದೊಡ್ಡದು, ಮುಚ್ಚಿಡುವಂಥದ್ದಲ್ಲ. ತೊಂಬತ್ತರ ದಶಕದ ವಿದೇಶ ಪ್ರವಾಸಗಳಲ್ಲಿ ಅವರು ಎಷ್ಟೋ ದಿನ ಸುಮ್ಮನೆ ಓವರು ತುಂಬಿಸಿದ್ದೂ ನಿಜ. ಆದರೆ ಈ ತಕ್ಕಡಿಯಲ್ಲಿ ಬೇರೆಯವರನ್ನೂ ಕೂರಿಸಬೇಕಲ್ಲ? ಭಾರತದಲ್ಲಿ ವಾರ್ನ್ 9 ಟೆಸ್ಟ್ ಆಡಿ ಪಡೆದದ್ದು 34 ವಿಕೆಟ್, ಸರಾಸರಿ 43.11. ಮುರಳೀಧರನ್ ಇಲ್ಲಿ 11 ಟೆಸ್ಟಿಗೆ 40, ಸರಾಸರಿ 45.45. ಆಸ್ಟ್ರೇಲಿಯದಲ್ಲಿ ಕುಂಬ್ಳೆ 10 ಟೆಸ್ಟಿಗೆ 49. ಪರನಾಡಿನಲ್ಲಿ ಬಡವಾಗುವುದು ಸ್ಪಿನ್ನರ್ ಜಾತಿಯ ಕಷ್ಟ, ಬೆಂಗಳೂರಿನ ಒಬ್ಬನ ಖಾಸಗಿ ದೋಷವಲ್ಲ.

1995ರ ಇಂಗ್ಲಿಷ್ ಬೇಸಿಗೆಯಲ್ಲಿ ನಾರ್ಥಾಂಪ್ಟನ್‌ಶೈರ್ ಪರ ಅವರು 105 ವಿಕೆಟ್ ಕಿತ್ತರು. ಅಲ್ಲಿ ಯಾವ ಕ್ಯುರೇಟರ್ ಕುಂಬ್ಳೆಗೆಂದು ಪಿಚ್ ಕೆದರಿ ಕೊಟ್ಟಿದ್ದ? ಭುಜದ ಶಸ್ತ್ರಚಿಕಿತ್ಸೆಯ ನಂತರ ಅವರು ಚೆಂಡನ್ನು ತುಸು ನಿಧಾನ ಮಾಡಿದರು, ಗೂಗ್ಲಿಯನ್ನು ತಿದ್ದಿಕೊಂಡರು. ಭಾರತ ಹೊರದೇಶದಲ್ಲಿ ಗೆಲ್ಲತೊಡಗಿದ್ದೂ ಆಗಲೇ. 2002ರಲ್ಲಿ ಹೆಡಿಂಗ್ಲಿಯ ಹಸಿರು ಪಿಚ್ಚಿನಲ್ಲಿ 7 ವಿಕೆಟ್. 2003ರ ಅಡಿಲೇಡ್ ಗೆಲುವಿನಲ್ಲಿ ಆಸ್ಟ್ರೇಲಿಯ 556 ಹೊಡೆದಾಗಲೂ ಅವರಿಗೆ ಐದು. ಮುಂದಿನ ತಿಂಗಳು ಸಿಡ್ನಿಯಲ್ಲಿ ಒಂದೇ ಇನಿಂಗ್ಸಿನಲ್ಲಿ 141ಕ್ಕೆ 8. 2004ರಲ್ಲಿ ಮುಲ್ತಾನದಲ್ಲಿ 72ಕ್ಕೆ 6. 2006ರಲ್ಲಿ ಕಿಂಗ್‌ಸ್ಟನ್‌ನಲ್ಲಿ 78ಕ್ಕೆ 6, ವೆಸ್ಟ್ ಇಂಡೀಸಿನಲ್ಲಿ 1971ರ ನಂತರ ಮೊದಲ ಸರಣಿ ಗೆಲುವು. ಮುಲ್ತಾನದಲ್ಲಿ ಸೆಹ್ವಾಗ್ ಹೊಡೆದ 309 ಎಲ್ಲರಿಗೂ ಬಾಯಿಪಾಠ. ಆ ಪಂದ್ಯವನ್ನು ಮುಗಿಸಿದವರು ಯಾರೆಂದು ಕೇಳಿದರೆ ಕಟ್ಟೆಯ ಮೇಲೆ ಮೌನ.

ಮೂರನೆಯದು ದೆಹಲಿಯ ಕೋಟ್ಲಾ ಟೆಸ್ಟಿನದು. 1999ರ ಫೆಬ್ರುವರಿ 7ರಂದು ಪಾಕಿಸ್ತಾನದ ಹತ್ತಕ್ಕೆ ಹತ್ತು ಅವರಿಗೆ, 74 ರನ್ನಿಗೆ. ತಕರಾರು ಏನೆಂದರೆ, ಕುಂಬ್ಳೆ ಎಸೆಯುತ್ತಿದ್ದ ತುದಿಯ ಅಂಪೈರ್ ಎ.ವಿ. ಜಯಪ್ರಕಾಶ್ ನಮ್ಮ ಕರ್ನಾಟಕದವರೇ, ಕೊನೆಗೆ ಶ್ರೀನಾಥ್ ಬೇಕಂತಲೇ ಹೊರಗೆ ಎಸೆದು ದಾರಿ ಬಿಟ್ಟರು. ಅಫ್ರಿದಿಗೆ ತಾನು ಕ್ಯಾಚು ಔಟಾದ ತೀರ್ಪು ಒಪ್ಪಿಗೆಯಿರಲಿಲ್ಲ, ಸರಿ. ಆದರೆ ಆ ಹತ್ತರಲ್ಲಿ ಎಲ್‌ಬಿಡಬ್ಲ್ಯೂ ಮೂರೇ. ಐದು ಕ್ಯಾಚು. ಇಂಜಮಾಮ್ ಮತ್ತು ಸಲೀಂ ಮಲಿಕ್ ಬೌಲ್ಡ್, ಅದಕ್ಕೆ ಅಂಪೈರ್ ಬೇಕೇ ಇಲ್ಲ. ಇನ್ನು ಶ್ರೀನಾಥ್ ದಾರಿ ಬಿಡುವ ಹೊತ್ತಿಗೆ ಒಂಬತ್ತು ವಿಕೆಟ್ ಬಿದ್ದಾಗಿತ್ತು. ವಿಕೆಟ್ ನಷ್ಟವಿಲ್ಲದೆ 101 ಇದ್ದ ತಂಡ 207ಕ್ಕೆ ಮುಗಿಯಿತು.

2001ರಲ್ಲಿ ಕುಂಬ್ಳೆ ಇಲ್ಲದೆಯೇ ಆಸ್ಟ್ರೇಲಿಯವನ್ನು ಸೋಲಿಸಿದೆವಲ್ಲ ಎನ್ನುವವರಿದ್ದಾರೆ. ಹರ್ಭಜನ್ 32 ವಿಕೆಟ್ ತೆಗೆದರು, ಅವರಿಗೆ ನಮಸ್ಕಾರ. ಒಬ್ಬ ಚೆನ್ನಾಗಿ ಆಡಿದರೆ ಇನ್ನೊಬ್ಬ ಬೇಡವಾದ ಎಂದಾಗುವುದಿಲ್ಲ.

2002ರಲ್ಲಿ ಆಂಟಿಗಾದಲ್ಲಿ ಮುರಿದ ದವಡೆಗೆ ಪಟ್ಟಿ ಸುತ್ತಿಕೊಂಡು 14 ಓವರ್ ಎಸೆದದ್ದು ಬರೀ ಪ್ರದರ್ಶನ, ಆ ಪಂದ್ಯ ಡ್ರಾ ಆಯಿತು ಎಂಬ ತಕರಾರಿನ ಜೊತೆ ನನ್ನದು ಅರ್ಧ ಒಪ್ಪಿಗೆ. ಲಾರಾ ಎಲ್‌ಬಿಡಬ್ಲ್ಯೂ ಆದದ್ದು ಪ್ರದರ್ಶನವಲ್ಲ. ಆದರೂ ಆ ಫೋಟೊ ಕುಂಬ್ಳೆಗೆ ಅನ್ಯಾಯವನ್ನೇ ಮಾಡಿದೆ. ಜನ ಪಟ್ಟಿಯನ್ನು ನೆನಪಿಟ್ಟು ಮಣಿಕಟ್ಟನ್ನು ಮರೆತರು. ಬೆವರು ಸುರಿಸಿದ, ಛಲ ಬಿಡಲಿಲ್ಲ ಎಂದು ಹೊಗಳುವವರೇ ಅವರಿಗೆ ಕಲೆಯಿತ್ತು ಎಂದು ಹೇಳಲು ಹಿಂಜರಿಯುತ್ತಾರೆ. ಬರೀ ಛಲಕ್ಕೆ 619 ಟೆಸ್ಟ್ ವಿಕೆಟ್ ಸಿಗುವುದಿದ್ದರೆ ನಮ್ಮೂರಲ್ಲೂ ಇಬ್ಬರು ಮೂವರು ಸಿಕ್ಕಿಸಿಕೊಳ್ಳುತ್ತಿದ್ದರು.

ಕೊನೆಯ ತಕರಾರು ಕುಂಬ್ಳೆಯದಲ್ಲ, ಕಸುಬಿನದು: ಲೆಗ್ ಸ್ಪಿನ್ ಬೆಂಗಳೂರಿನ ಎಂಜಿನಿಯರ್ ಹುಡುಗರಿಗೆ ಸರಿ, ನಮ್ಮ ಕಡೆಯವರು ಮಾಡಿದರೆ ಓವರಿಗೆ ಹದಿನೈದು ಹೊಡೆಸಿಕೊಂಡು ಮನೆಗೆ ಬರುತ್ತಾರೆ. ಹೊಡೆತ ಬೀಳುತ್ತದೆ ನಿಜ. 40,850 ಚೆಂಡು ಎಸೆದ ಕುಂಬ್ಳೆ ಟೆಸ್ಟಿನಲ್ಲಿ ಓವರಿಗೆ ಕೊಟ್ಟದ್ದು 2.69 ರನ್ನು, ಅದು ಒಂದೆರಡು ವರ್ಷದಲ್ಲಿ ಬಂದ ಹಿಡಿತವಲ್ಲ. ಹೊಡೆತವೇ ಆಟವಾದ ಐಪಿಎಲ್‌ನಲ್ಲಿ ಮೊದಲು 200 ವಿಕೆಟ್ ಮುಟ್ಟಿದ ಚಹಲ್ ಕೂಡ ಲೆಗ್ ಸ್ಪಿನ್ನರೇ. 2019ರಲ್ಲಿ ಚಿನ್ನಸ್ವಾಮಿಯಂಥ ಸಣ್ಣ ಮೈದಾನದಲ್ಲಿ ಕೊಹ್ಲಿ, ಡಿವಿಲಿಯರ್ಸ್, ಸ್ಟೊಯಿನಿಸ್ ಮೂವರನ್ನೂ ಸಾಲಾಗಿ ಕೆಡವಿದ ಶ್ರೇಯಸ್ ಗೋಪಾಲ್ ಕರ್ನಾಟಕದ ಹುಡುಗ. ನಮ್ಮ ಕಡೆಯವರಿಗೆ ಆಗದು ಎಂಬುದಕ್ಕೆ ವಿಜಯಪುರದ ರಾಜೇಶ್ವರಿ ಗಾಯಕವಾಡ ಉತ್ತರ ಕೊಟ್ಟಾಗಿದೆ. ಅವರದು ಎಡಗೈ ಸ್ಪಿನ್, ಬೇರೆ ಕಸುಬು. ಆದರೆ 2017ರ ವಿಶ್ವಕಪ್ಪಿನಲ್ಲಿ ಡರ್ಬಿಯಲ್ಲಿ 15 ರನ್ನಿಗೆ 5 ವಿಕೆಟ್ ತೆಗೆದು ನ್ಯೂಜಿಲೆಂಡನ್ನು 79ಕ್ಕೆ ಮುಗಿಸಿದ್ದು ಇದೇ ಊರಿನ ಕೈ.

ನಮ್ಮ ಕಡೆ ಕೊರತೆಯಿರುವುದು ಕೈಯಲ್ಲಲ್ಲ, ಕ್ಯಾಪ್ಟನ್‌ಗಳಲ್ಲಿ. ಅರಕೇರಿ, ತಿಕೋಟಾ, ಬಬಲೇಶ್ವರದ ಟೂರ್ನಮೆಂಟುಗಳಲ್ಲಿ ತಂಡ ಆಡಿಸುವ ಅಣ್ಣಂದಿರೇ, ಮಣಿಕಟ್ಟಿನಿಂದ ಚೆಂಡು ತಿರುಗಿಸುವ ಹುಡುಗ ಮೊದಲ ಓವರಿನಲ್ಲಿ ಎರಡು ಸಿಕ್ಸರ್ ಹೊಡೆಸಿಕೊಂಡರೆ ಅವನನ್ನು ಬೌಂಡರಿಗೆ ಓಡಿಸಬೇಡಿ. ಎರಡನೇ ಓವರನ್ನೂ ಅವನ ಕೈಗೇ ಕೊಡಿ.