ಕಡವಿನಾಚೆಯ ನಿಧಾನ

ಕಾಂದಿವಲಿಯವರಿಗೆ ಒಂದು ದಿನದ ಪ್ರವಾಸಕ್ಕೆ ಗೋವಾದವರೆಗೆ ಹೋಗಬೇಕಿಲ್ಲ. ಪಕ್ಕದ ಸ್ಟೇಶನ್ ಮಲಾಡ್‌ನಲ್ಲಿ ಇಳಿದು, ಬಸ್ಸು ಹಿಡಿದು ಮಾರ್ವೆಗೆ ಹೋದರೆ ಅಲ್ಲಿ ದೋಣಿ ಸಿಗುತ್ತದೆ. ಬೈಕು, ಬುಟ್ಟಿ, ಜನ ಎಲ್ಲವನ್ನೂ ತುಂಬಿಕೊಂಡು ಅದು ಖಾಡಿ ದಾಟಲು ಕಾಲು ಗಂಟೆ ಸಾಕು. ಆಚೆ ದಡದಲ್ಲಿ ಮನೋರಿ.

ಮನೋರಿ, ಗೊರಾಯಿ, ಉತ್ತನ್ ಸೇರಿದ ಈ ಪಟ್ಟಿಗೆ ಹಳೆಯ ಹೆಸರು ಧಾರಾವಿ ಬೇಟ್. ನಗರದ ನಡುವಿನ ಧಾರಾವಿ ಬೇರೆ, ಇದು ಬೇರೆ. ಮರಾಠಿಯಲ್ಲಿ ಬೇಟ್ ಎಂದರೆ ದ್ವೀಪ. ಈಗ ಉತ್ತರದಲ್ಲಿ ಭಾಯಂದರ್ ಕಡೆಯಿಂದ ರಸ್ತೆಯಿದೆ, ಆದರೆ ಕಾಂದಿವಲಿಯಿಂದ ಹೋಗುವವರಿಗೆ ಅದು ದೊಡ್ಡ ಸುತ್ತು. ಹಾಗಾಗಿ ಹೆಚ್ಚಿನವರು ದೋಣಿಯಲ್ಲೇ ಬಂದು, ತಿರುವುಗಳಲ್ಲಿ ನಿಂತ ಶಿಲುಬೆಗಳನ್ನೂ ಬಿದಿರ ಗಳಗಳ ಮೇಲೆ ಒಣಗುವ ಬೊಂಬಿಲ್ ಮೀನನ್ನೂ ನೋಡುತ್ತಾರೆ. ಗೊರಾಯಿಯ ಬಂಗಾರದ ಬಣ್ಣದ ಪಗೋಡಾದ, ಒಂದೂ ಕಂಬವಿಲ್ಲದ ಗುಮ್ಮಟವನ್ನು ತಲೆ ಎತ್ತಿ ನೋಡುತ್ತಾರೆ. ಸಂಜೆ ಬೊರಿವಲಿಯ ಕಡೆಯ ದೋಣಿ ಹತ್ತುವಾಗ ಎರಡು ಮಾತು ಕೇಳುತ್ತವೆ. ಒಂದು, ‘ಎಷ್ಟು ಆರಾಮದ ಊರಪ್ಪ, ಯಾರಿಗೂ ಅವಸರವೇ ಇಲ್ಲ.’ ಇನ್ನೊಂದು, ‘ಒಂದು ಸೇತುವೆ ಇದ್ದಿದ್ದರೆ ವಾರ ವಾರ ಬರಬಹುದಿತ್ತು.’

ಎರಡನ್ನೂ ಒಬ್ಬರೇ ಹೇಳುವುದುಂಟು. ಎರಡೂ ನೋಡಲು ಬಂದವರ ಮಾತು.

ಮೊದಲನೆಯದು ನಿಜವಲ್ಲ. ಮೀನು ದಡಕ್ಕೆ ಬಂದ ಮೇಲೆ ಹರವಿ, ಮಗುಚಿ, ಒಣಗಿಸಿ ಮಾರುವ ಹೆಂಗಸರ ದಿನ ಯಾವ ಆಫೀಸಿನ ದಿನಕ್ಕಿಂತಲೂ ಉದ್ದ. ಇಲ್ಲಿಯ ತರಕಾರಿ ಮಲಾಡ್, ಬೊರಿವಲಿಯ ಮಾರುಕಟ್ಟೆ ತೆರೆಯುವ ಹೊತ್ತಿಗೆ ಖಾಡಿ ದಾಟಿರಬೇಕು. ಪ್ರವಾಸಿ ಬರುವ ಹನ್ನೊಂದು ಗಂಟೆಗೆ ಊರು ಅರ್ಧ ದಿನದ ಕೆಲಸ ಮುಗಿಸಿ ಜಗಲಿಯಲ್ಲಿ ಕೂತಿರುತ್ತದೆ. ನಿಧಾನ ಅಂತ ಕಾಣುವುದು ಆ ವಿಶ್ರಾಂತಿ.

ಎರಡನೆಯ ಮಾತು ಇನ್ನೂ ಜಟಿಲ. ಕಾಂದಿವಲಿಯಲ್ಲಿ ನೆಲೆಸಿದ ಕುಂದಾಪುರ, ಉಡುಪಿ ಕಡೆಯವರಿಗೆ ಕಡವು ಎಂದರೆ ಏನೆಂದು ಗೊತ್ತು. ಕುದ್ರುಗಳಲ್ಲಿ ಹುಟ್ಟಿದವರು ಮಳೆಗಾಲದಲ್ಲಿ ದೋಣಿಗೆ ಕಾದು ಶಾಲೆಗೆ ಹೋದವರು. ರಾತ್ರಿ ಹೆರಿಗೆ ನೋವು ಬಂದರೆ ಹೊಳೆ ಎಷ್ಟು ಅಗಲವಾಗುತ್ತದೆ ಎಂಬುದು ಅವರ ಮನೆಗಳ ನೆನಪು. ಅವರು ಸೇತುವೆ ಬೇಕೆಂದರೆ ಅದರಲ್ಲಿ ಬಯಕೆಗಿಂತ ಅನುಭವ ಹೆಚ್ಚು. ಆಚೆ ದಡದವರು ನಮ್ಮ ಭಾನುವಾರಕ್ಕಾಗಿ ದೋಣಿ ಕಾಯುತ್ತಲೇ ಇರಲಿ ಎನ್ನುವುದು ಸ್ವಾರ್ಥ.

ಆದರೆ ಸೇತುವೆಯ ಮೇಲೆ ಆಂಬುಲೆನ್ಸ್ ಮಾತ್ರ ಬರುವುದಿಲ್ಲ. ಕಾಂದಿವಲಿ ನಿಂತಿರುವುದೂ ದ್ವೀಪದ ಮೇಲೆಯೇ, ಸಾಷ್ಟಿ ದ್ವೀಪದ ಮೇಲೆ. ಅರವತ್ತಾರು ಹಳ್ಳಿ ಎಂಬ ಎಣಿಕೆಯಿಂದ ಬಂದದ್ದು ಆ ಹೆಸರು ಎನ್ನುತ್ತಾರೆ. 1840ರ ದಶಕದವರೆಗೆ ಮಾಹಿಮ್‌ನಿಂದ ಬಾಂದ್ರಾಕ್ಕೆ ಬರಲೂ ದೋಣಿಯೇ ಗತಿ. ಲೇಡಿ ಜಮ್‌ಶೆಟ್‌ಜೀ ಜೀಜೀಭಾಯ್ ಕೊಟ್ಟ ಹಣದಿಂದ ಅಲ್ಲಿ ಕಟ್ಟೆ ರಸ್ತೆಯಾಯಿತು, ಆಮೇಲೆ ರೈಲು ಬಂತು. ಲಕ್ಷಾಂತರ ಜನರಿಗೆ ಅದು ಬದುಕು ಕೊಟ್ಟಿತು. ಹಳ್ಳಿಗಳು ಮಾತ್ರ ಸ್ಟೇಶನ್ನುಗಳ ಹೆಸರಾಗಿ ಉಳಿದವು. ಈ ನೆಲದ ಹಳೆಯ ಕ್ರೈಸ್ತರು ಗೋವಾ, ಮಂಗಳೂರಿನಿಂದ ಬಂದವರಿಗಿಂತ ತಾವು ಬೇರೆ ಎಂದು ತೋರಿಸಲು 1887ರಲ್ಲಿ ‘ಈಸ್ಟ್ ಇಂಡಿಯನ್’ ಎಂಬ ಹೆಸರಿಟ್ಟುಕೊಳ್ಳಬೇಕಾಯಿತು. ತಮ್ಮ ಊರಲ್ಲೇ ತಾವು ಯಾರೆಂದು ಹೇಳಿಕೊಳ್ಳಬೇಕಾದ ಸ್ಥಿತಿ ಅದು.

ಮನೋರಿ, ಗೊರಾಯಿಯವರಿಗೆ ಈ ಕಥೆ ಗೊತ್ತು. ಪ್ರವಾಸೋದ್ಯಮಕ್ಕೆಂದು ವಿಶೇಷ ಆರ್ಥಿಕ ವಲಯದ ಪ್ರಸ್ತಾಪ ಬಂದಾಗ ಊರವರು ಪ್ರತಿಭಟಿಸಿದ್ದು ಅದಕ್ಕೇ. ಈಗ ಮನೋರಿಯಲ್ಲಿ ಸಮುದ್ರದ ನೀರನ್ನು ಸಿಹಿಯಾಗಿಸುವ ಸ್ಥಾವರದ ಯೋಜನೆಯಿದೆ, ಮೊದಲ ಹಂತದಲ್ಲಿ ದಿನಕ್ಕೆ 20 ಕೋಟಿ ಲೀಟರು. ಆ ನೀರು ಬೇಕಿರುವುದು ಕಾಂದಿವಲಿಯಂಥ ಕಡೆಯ ಗಗನಚುಂಬಿಗಳಿಗೆ. ಉಳಿದ ಉಪ್ಪುನೀರು ಹೋಗಬೇಕಿರುವುದು ಮೀನುಗಾರರ ಸಮುದ್ರಕ್ಕೆ.

ಸೇತುವೆ ಬೇಕೋ ಬೇಡವೋ, ಬಂದರೆ ಎಷ್ಟು ಅಗಲ, ಅದರ ಹಿಂದೆಯೇ ಬರುವ ಕಟ್ಟಡಗಳಿಗೆ ಎಷ್ಟು ಎತ್ತರ ಎಂಬುದನ್ನು ತೀರ್ಮಾನಿಸಬೇಕಾದವರು ದಿನವೂ ಆ ದೋಣಿ ಹತ್ತುವವರು. ರಾತ್ರಿಯ ದೋಣಿ, ಊರಲ್ಲೇ ಒಂದು ಒಳ್ಳೆಯ ಆಸ್ಪತ್ರೆ ಅವರು ಕೇಳಿದರೆ ಮೊದಲು ಅದನ್ನು ಕೊಡಬೇಕು. ಒಂದು ದಿನ ನೋಡಿ ಬರುವವರು ಒಣಮೀನು ಕೊಳ್ಳಲಿ, ಚೌಕಾಸಿ ಕಡಿಮೆ ಮಾಡಲಿ. ದೋಣಿ ತಡವಾದರೆ ಪಕ್ಕದಲ್ಲಿ ಬುಟ್ಟಿ ಹಿಡಿದು ನಿಂತವರನ್ನು, ಇಲ್ಲಿ ಏನಾಗಬೇಕು ಅಂತ ಒಮ್ಮೆ ಕೇಳಲಿ.