ಕೆಸರಿನಲ್ಲಿರುವ ಅಸಲು

ಕರಾವಳಿಯಲ್ಲಿ ಕಡಿದ ಮರಕ್ಕೆ ಬದಲಾಗಿ ಕೈವಾರದ ಬೆಟ್ಟದಡಿಯಲ್ಲಿ ಸಸಿ ನೆಟ್ಟರೆ ಲೆಕ್ಕ ಚುಕ್ತಾ ಆಗುವುದೆ? ಆಗುವುದೆಂಬ ಭಾವನೆ ಸರ್ಕಾರದಲ್ಲಿಯೂ ಸಮಾಜದಲ್ಲಿಯೂ ಬೇರೂರಿದೆ. 2016ರ ಪರಿಹಾರಾತ್ಮಕ ಅರಣ್ಯೀಕರಣ ನಿಧಿ ಕಾಯಿದೆಯು ಅದಕ್ಕೊಂದು ಖಾತೆಯನ್ನೇ ತೆರೆದಿದೆ. ಅರಣ್ಯಭೂಮಿಯನ್ನು ಅನ್ಯಕಾರ್ಯಕ್ಕೆ ಪಡೆದವರು ಹಣ ಕಟ್ಟುತ್ತಾರೆ. ಮತ್ತೆಲ್ಲಿಯೋ ಸಸಿ ನೆಡಲಾಗುತ್ತದೆ. ವ್ಯಾಪಾರವನ್ನೇ ಕುಲವೃತ್ತಿಯಾಗಿ ಉಳ್ಳ ಸಮಾಜವಾದರೂ ಈ ಜಮಾಖರ್ಚನ್ನು ಪರಿಶೀಲಿಸಬೇಡವೆ?

ಉತ್ತರ ಕನ್ನಡದ ಅಘನಾಶಿನಿ ಅಳಿವೆಯಲ್ಲಿ, ನದಿಯ ಸಿಹಿನೀರೂ ಕಡಲ ಉಪ್ಪುನೀರೂ ಕೂಡುವ ಕೆಸರಿನಲ್ಲಿ, ಕಾಂಡ್ಲಾ ವನ ನಿಂತಿದೆ. ಗಾಳಿಯ ಇಂಗಾಲವನ್ನು ಸೆಳೆದು ಕಾಂಡ, ಎಲೆ, ಬೇರುಗಳನ್ನು ಕಟ್ಟಿಕೊಳ್ಳುವುದು ಎಲ್ಲ ಮರಗಳ ಧರ್ಮ. ಕಾಂಡ್ಲಾದ ವಿಶೇಷವಿರುವುದು ಅದರ ಬುಡದ ಮಣ್ಣಿನಲ್ಲಿ. ಉದುರಿದ ಎಲೆಯೂ ಸತ್ತ ಬೇರೂ ಉಬ್ಬರದ ನೀರು ತುಂಬಿದ ಕೆಸರಿನಲ್ಲಿ ಹೂತುಹೋಗುತ್ತವೆ. ಅಲ್ಲಿ ಆಮ್ಲಜನಕ ಅತ್ಯಲ್ಪವಾದ್ದರಿಂದ ಅವು ಕೊಳೆಯುವುದು ಬಹು ನಿಧಾನ. ಹೀಗೆ ಶತಮಾನಗಳಿಂದ ಸಂಚಿತವಾದ ಕಾರಣ ಇಂಥ ವನಗಳ ಇಂಗಾಲದ ಬಹುಭಾಗ ಮಣ್ಣಿನಲ್ಲಿಯೇ ಇರುತ್ತದೆ. ಮೇಲಿನ ಮರ ಬಡ್ಡಿ, ಕೆಳಗಿನ ಕೆಸರು ಅಸಲು. ಹೊಂಡಕ್ಕಾಗಿ ಆ ಕೆಸರನ್ನು ಅಗೆದು ಗಾಳಿಗೊಡ್ಡಿದರೆ ಅಸಲು ಕರಗಿ, ಇಂಗಾಲದ ಡೈಆಕ್ಸೈಡಾಗಿ ಆಕಾಶಕ್ಕೆ ಮರಳುತ್ತದೆ.

ಕೈವಾರದಲ್ಲಿ ಬೇವು ನೆಡುವುದು ಪುಣ್ಯಕಾರ್ಯವೇ ಸರಿ. ಆದರೆ ಅಲ್ಲಿ ಉಬ್ಬರವಿಲ್ಲ, ಕೆಸರಿಲ್ಲ. ಅಳಿವೆಯಲ್ಲಿಯೇ ಕಾಂಡ್ಲಾ ಸಸಿಗಳನ್ನು ನೆಟ್ಟರೂ ಕಳೆದ ಅಸಲು ಒಂದು ತಲೆಮಾರಿನಲ್ಲಿ ಕೂಡಿಬಾರದು. 2021ರ ಅರಣ್ಯ ಸಮೀಕ್ಷೆಯಂತೆ ಭಾರತದ 4,992 ಚದರ ಕಿಲೋಮೀಟರ್ ಕಾಂಡ್ಲಾ ವನದಲ್ಲಿ ಕರ್ನಾಟಕದ ಪಾಲು ಕೇವಲ 13. ಇಷ್ಟು ಸಣ್ಣ ಗಂಟನ್ನು ಒಡೆಯಲು ಯಾವ ವಿವೇಕಿಯೂ ಒಪ್ಪಲಾರನು.

ಕಾನೂನೊಂದನ್ನೇ ನಂಬಿ ಕೂರುವಂತಿಲ್ಲ. 1996ರಲ್ಲಿ ಸುಪ್ರೀಂ ಕೋರ್ಟು ಕರಾವಳಿ ನಿಯಂತ್ರಣ ವಲಯದಲ್ಲಿ ಸಿಗಡಿ ಹೊಂಡಗಳನ್ನು ನಿಷೇಧಿಸಿತು. 2005ರ ಕಾಯಿದೆ ನೋಂದಣಿಯ ಹೆಸರಿನಲ್ಲಿ ಮತ್ತೆ ಬಾಗಿಲು ತೆರೆಯಿತು. 2024ರಲ್ಲಿ ಅಘನಾಶಿನಿ ಅಳಿವೆ ರಾಮ್‌ಸರ್ ಪಟ್ಟಿಗೆ ಸೇರಿತು. ಪಟ್ಟಿ ಗೌರವ ಕೊಡುತ್ತದೆ, ಕಾವಲು ಕೊಡುವುದಿಲ್ಲ.

ಸಿಗಡಿ ಮುಟ್ಟದ ಶ್ರಾವಕನು ಈ ದೋಷ ತನ್ನದಲ್ಲವೆನ್ನಬಹುದು. ಆದರೆ ಕಡಲತಡಿಯ ವಿಹಾರಗೃಹಗಳಿಗೂ ಗೋದಾಮುಗಳಿಗೂ ಬಂಡವಾಳ ಹೂಡುವವರು ಯಾರು? ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ವ್ಯರ್ಥವಾಗಿ ನೆಲ ಅಗೆಯುವುದನ್ನೂ ಸಸ್ಯ ಕಡಿಯುವುದನ್ನೂ ಅನರ್ಥದಂಡವೆಂದು ಎಣಿಸಿದೆ. ಬೇರೆ ಜಾಗವಿದ್ದೂ ಕಾಂಡ್ಲಾ ಕಡಿಯುವುದು ವ್ಯರ್ಥವಲ್ಲದೆ ಮತ್ತೇನು?

ಬಸದಿಯ ಟ್ರಸ್ಟುಗಳು ಸಸಿ ನೆಡಲಿ. ಆದರೆ ಅದನ್ನು ಪಾಪಪರಿಹಾರದ ರಸೀತಿಯೆಂದು ಭಾವಿಸದಿರಲಿ. ದಾನ ಸ್ವೀಕರಿಸುವ ಮುನ್ನ, ಠೇವಣಿ ಇಡುವ ಮುನ್ನ, ಈ ಹಣ ಯಾವ ಕೆಸರನ್ನು ಅಗೆದು ಬಂದಿತು, ಯಾವುದನ್ನು ಅಗೆಯಲು ಹೋಗುತ್ತಿದೆ ಎಂದು ವಿಚಾರಿಸಲಿ. ನಿಂತ ವನವನ್ನು ನಿಲ್ಲಗೊಡುವುದೇ ಮೊದಲ ದಾನ.